ಶೆಡ್ಡಿಗೆ ಎಳೆದ ವೈರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಸಾಲಿನವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಹದಿನಾರು ವರ್ಷ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿಬಂದವಳಲ್ಲಿ ಸಿಟ್ಟಲ್ಲದೆ ಇನ್ನೇನು ಉಳಿದಿರುತ್ತದೆ? ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತಿದರೆ ನೆಲದ ಮೇಲಾದರೂ ಜಾಗ ಸಿಗುತ್ತಿತ್ತು. ಬಂಗಾರಪೇಟೆ ಬರುವಷ್ಟರಲ್ಲಿ ಮಡಿಸಿದ ಕಾಲು ಚಾಚುವುದಕ್ಕೂ ಆಗುತ್ತಿರಲಿಲ್ಲ. ಅಷ್ಟು ದೂರ ಹೋಗಿ ಮಾಡುತ್ತಿದ್ದ ಕೆಲಸವೋ, ಅಂಗಿಗೆ ಕಾಲರ್ ಕೂರಿಸುವುದು. ಅಷ್ಟೇ. ಪಕ್ಕದವಳು ತೋಳು, ಅವಳಾಚೆಯವಳು ಗುಂಡಿ. ಎಷ್ಟು ಕಾಲರ್ ಕೂರಿಸಿದೆನೋ ದೇವರೇ ಬಲ್ಲ, ಒಂದೇ ಒಂದು ಪೂರ್ತಿ ಅಂಗಿ ನನ್ನ ಕೈಯಲ್ಲಿ ಆಗಿರಲಿಲ್ಲ.

ಅದಕ್ಕೇ ಶೆಡ್ಡು. ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸಗಾರರ ಹಳೆಯ ಲೈನ್ ಮನೆ ನಮ್ಮದು. ಹಿಂದಿನ ಓಣಿ ದಾಟಿದರೆ ಅಪ್ಪ ತನ್ನ ಕೈಯಾರೆ ಕಟ್ಟಿದ ತಗಡಿನ ಶೆಡ್ಡು. ಮೊದಲು ಅದರಲ್ಲಿ ಆಡು ಇದ್ದವು, ಆಮೇಲೆ ಸೌದೆ ಇತ್ತು, ಕೊನೆಗೆ ನಾನು ಎರಡು ಹೊಲಿಗೆ ಮೆಷೀನು ತಂದಿಟ್ಟೆ. ಒಂದು ನನಗೆ, ಇನ್ನೊಂದು ಮೂರು ಮನೆ ಆಚೆಯ ಗೆಳತಿಗೆ. ಅವಳೂ ಅದೇ ರೈಲಿನವಳೇ. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ, ಜಗಳಕ್ಕೆ ನಿಂತರೆ ತೆಲುಗು.

ಬೆಂಗಳೂರಿನಲ್ಲಿ ಶಾಲಾ ಸಮವಸ್ತ್ರ ಒದಗಿಸುವ ಒಬ್ಬ ಮೇಡಂ ಇದ್ದರು. ಬಿಳಿ ಅಂಗಿಗಳನ್ನು ಹೊಲಿಸಿಕೊಳ್ಳಲು ಜನ ಹುಡುಕುತ್ತಿದ್ದರು. ನಾನು ಫೋಟೊ ಕಳಿಸಿದೆ. ಫೋಟೊ ನಂಬುವುದಿಲ್ಲ ಎಂದರು. ಯಾರದೋ ಕಾರ್ಖಾನೆಯ ಫೋಟೊ ಕಳಿಸಿ ಯಾರೋ ಅವರಿಗೆ ಟೋಪಿ ಹಾಕಿದ್ದರಂತೆ. "ಗುರುವಾರ ಹನ್ನೊಂದರಿಂದ ಹನ್ನೊಂದೂವರೆ ನನಗೆ ಬಿಡುವು. ವಿಡಿಯೋ ಕಾಲ್ ಮಾಡಿ. ನಿಮ್ಮ ಶೆಡ್ಡಿನಲ್ಲೇ, ನಿಮ್ಮ ಮೆಷೀನಿನಲ್ಲೇ, ನನ್ನ ಕಣ್ಣೆದುರು ಒಂದು ಕಾಲರ್ ಕೂರಿಸಿ ತೋರಿಸಿ. ಹನ್ನೊಂದೂವರೆಗೆ ಇನ್ನೊಬ್ಬರನ್ನು ನೋಡಬೇಕು," ಎಂದರು. ಇತ್ತ ಗಾರ್ಮೆಂಟ್ಸಿನವರು ನನ್ನ ರಜೆ ಮುಗಿಯಿತು, ಸೋಮವಾರ ಬಾರದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಹೇಳಿಯಾಗಿತ್ತು. ಗುರುವಾರ ಆ ಅರ್ಧ ಗಂಟೆ ಕೈಗೂಡಿದರೆ ಶೆಡ್ಡು, ಇಲ್ಲವಾದರೆ ಸೋಮವಾರ ಮತ್ತೆ ರೈಲು. ನನ್ನ ಪಾಲಿಗೆ ಲೆಕ್ಕ ಅಷ್ಟು ಸುಲಭವಾಗಿತ್ತು.

ತೊಡಕು ಇದ್ದದ್ದು ತಗಡಿನಲ್ಲಿ. ಶೆಡ್ಡಿನೊಳಗೆ ಕಾಲಿಟ್ಟರೆ ಮೊಬೈಲಿನ ಸಿಗ್ನಲ್ ಸತ್ತುಹೋಗುತ್ತಿತ್ತು. ಬಾಗಿಲು ತೆರೆದಿಡೋಣವೆಂದರೆ ಗಣಿಮಣ್ಣಿನ ದಿಬ್ಬದ ಕಡೆಯಿಂದ ಗಾಳಿ ಬೀಸಿ ಬಿಳಿ ಬಟ್ಟೆಯ ಮೇಲೆಲ್ಲ ಬೂದಿಯಂಥ ಧೂಳು ಕೂರುತ್ತದೆ. ಮನೆಯಲ್ಲಿ ಇಂಟರ್ನೆಟ್ ಇತ್ತು, ಆದರೆ ಅದರ ವೈಫೈ ಓಣಿಯ ನಡುವೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಕಿಟಕಿಯಲ್ಲಿಟ್ಟು ವೈಫೈಯನ್ನು ದೂರಕ್ಕೆ ದಾಟಿಸುವ ಇನ್ನೊಂದು ಡಬ್ಬಿ ತಂದು ನೋಡಿದೆ. ತಗಡಿನ ಮುಂದೆ ಅದರ ಆಟವೂ ನಡೆಯಲಿಲ್ಲ. ಕೊನೆಗೆ ರಾಬರ್ಟ್‌ಸನ್‌ಪೇಟೆಯಿಂದ ಕೇಬಲ್ಲಿನವನನ್ನು ಕರೆಸಿದೆ. ಮನೆಯಿಂದ ಶೆಡ್ಡಿಗೆ ವೈರು ಎಳೆಯುವುದೊಂದೇ ದಾರಿ ಅಂದ.

"ಅಕ್ಕಾ, ಶೆಡ್ಡಲ್ಲಿ ಮೆಷೀನುಗಳಿಗೇ ಪ್ಲಗ್ ಸಾಲ್ದು. ಅದಕ್ಕೆ ಈ ವೈರಲ್ಲೇ ಇಂಟರ್ನೆಟ್ಟೂ ಬತ್ತದೆ, ಅಲ್ಲಿ ಗೋಡೆಗೆ ಆಕೋ ವೈಫೈ ಡಬ್ಬಿಗೆ ಬೇಕಾದ ಕರೆಂಟೂ ಬತ್ತದೆ. ಮನೇಲಿ ಈ ಅಡಾಪ್ಟರ್ ಆಕಿದ್ರೆ ಆಯ್ತು," ಎಂದು ಕೈಯಗಲದ ಕಪ್ಪು ಅಡಾಪ್ಟರನ್ನು ತೋರಿಸಿದ.

ಅಪ್ಪ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. "ಈ ವೈರಲ್ಲಿ ಕರೆಂಟು ಓಗ್ತದಾ?" ಎಂದ.

"ಓಗ್ತದೆ ತಾತ, ಒಸಿ."

ಅಪ್ಪ ತಲೆಯಾಡಿಸಿದ. ಅವನು ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವ ಗ್ಯಾಂಗಿನಲ್ಲಿದ್ದವನು. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಕರೆಂಟು, ವೈರು, ಕತ್ತಲೆ ಈ ಮೂರರ ಮಾತು ಬಂದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ. ಅವನ ಅಣ್ಣ, ನನ್ನ ದೊಡ್ಡಪ್ಪ, ನಾನು ಹುಟ್ಟುವ ಮೊದಲೇ ಗಣಿಯೊಳಗೆ ತೀರಿಕೊಂಡವನು. ಅವನ ಫೋಟೊ ಮುಂಗೋಣೆಯಲ್ಲಿದೆ. ಹೇಗೆ ಹೋದ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅಪ್ಪ "ಗಣಿ ತಗೊಂತು" ಅನ್ನುತ್ತಿದ್ದ. ಅದರ ಮೇಲೆ ಒಂದು ಮಾತು ಹೇಳಿದವನಲ್ಲ, ನಾವೂ ಕೇಳುವುದನ್ನು ಬಿಟ್ಟೆವು.

ಕೇಬಲ್ಲಿನವನು ವೈರನ್ನು ಓಣಿಯ ಮೇಲಿನಿಂದ ತಂತಿಗೆ ಕಟ್ಟಿ ಎಳೆಯುತ್ತೇನೆ, ಒಂದು ಗಂಟೆಯ ಕೆಲಸ ಅಂದ. ಅಪ್ಪ ಒಪ್ಪಲಿಲ್ಲ. "ಜನ ಓಡಾಡೋ ಕಡೆ ತಲೆ ಮೇಲೆ ಕರೆಂಟ್ ವೈರಾ? ಬೇಡ. ನೆಲ ಅಗೆದು ಪೈಪಲ್ಲಿ ಆಕ್ತೀನಿ." ನಾನು ಕೂಗಾಡಿದೆ. ಅವನು ಹಾರೆ ತಗೊಂಡು ಎದ್ದುಹೋದ. ನಮ್ಮ ನೆಲ ಎಂದರೆ ಮೇಲೆ ಗೇಣು ಮಣ್ಣು, ಕೆಳಗೆ ಕಲ್ಲು. ಎಪ್ಪತ್ತೆರಡರ ಮುದುಕ ಮೂರು ದಿನ ಕುಟ್ಟಿ ಕುಟ್ಟಿ ಕಾಲುವೆ ತೋಡಿ, ಪೈಪು ಮಲಗಿಸಿ, ಮುಚ್ಚಿದ. ಬುಧವಾರ ಸಂಜೆ ಕೇಬಲ್ಲಿನವನು ಬಂದು ಶೆಡ್ಡಿನ ಗೋಡೆಗೆ ಡಬ್ಬಿ ತಗುಲಿಸಿ ತುದಿಗಳನ್ನು ಜೋಡಿಸಿದ. ಅಡಾಪ್ಟರನ್ನು ಮನೆಯಲ್ಲಿ ಅಕ್ಕಿ ಡ್ರಮ್ಮಿನ ಹಿಂದಿನ ಸಾಕೆಟ್ಟಿಗೆ ಹಾಕಿ ಹೋದ. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನಿಂದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಪರೀಕ್ಷೆ ಮಾಡಿದೆವು. ಅಮ್ಮ ಬೇತಮಂಗಲದ ತನ್ನ ತಮ್ಮನ ಮನೆಗೆ ಹೋಗಿದ್ದಳು. ಅವಳ ಹಿಂದೆ ಕಟ್ಟಿದ್ದ ಎಮ್ಮೆಯ ಮೂಗಿನ ಹನಿಯೂ ಕಾಣುವಷ್ಟು ಸ್ಪಷ್ಟವಾಗಿತ್ತು. ಬಾಗಿಲು ಮುಚ್ಚಿ ನೋಡಿದೆವು, ಆಗಲೂ ಹಾಗೇ. ಗೆಳತಿ ಕೈಮುಗಿದಳು. ನನಗೂ ಅಪ್ಪನ ಮೇಲೆ ಒಂದಿಷ್ಟು ಒಳ್ಳೆಯ ಭಾವನೆ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮೆಷೀನು ಟ್ಯೂಬ್‌ಲೈಟಿನ ಕೆಳಗಿದ್ದರೆ ಹೊಲಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನನಗೇ ಅನಿಸಿತು. ಅದನ್ನು ಎಳೆಯಲು ಹೋದರೆ ಗೋಡೆಯ ಡಬ್ಬಿಯ ವೈರು ಅಡ್ಡ. ಡಬ್ಬಿಯನ್ನು ಮೊಳೆಯಿಂದ ತೆಗೆದು ಪಕ್ಕದ ಮೊಳೆಗೆ ತಗುಲಿಸೋಣವೆಂದು ವೈರು ಹಿಡಿದುಕೊಂಡು ಸ್ಟೂಲ್ ಹತ್ತಿದೆ. ಆಗ ಅಪ್ಪ ಬಾಗಿಲಿಗೆ ಬಂದ.

"ಯಾರು ವೈರ್ ಮುಟ್ಟಿರೋದು?"

"ನಾನೇ. ಡಬ್ಬೀನ ಈ ಕಡೆ ಆಕ್ತಿದೀನಿ. ಇವ್ಳು ಕೆಳ್ಗೆ ಇಡ್ಕೊಂಡವ್ಳೆ."

"ಇಬ್ರಾ?"

"ಊಂ, ಇಬ್ರೂ."

"ಸರಿ," ಎಂದು ಹೋದ.

ಡಬ್ಬಿ ತಗುಲಿಸಿದ್ದಾಯಿತು, ಮೆಷೀನು ಎಳೆದದ್ದಾಯಿತು, ಸುತ್ತ ಗುಡಿಸಿದ್ದೂ ಆಯಿತು. ಮೊಬೈಲ್ ತೆಗೆದು ನೋಡಿದರೆ ಇಂಟರ್ನೆಟ್ ಇಲ್ಲ. ತಲೆಯೆತ್ತಿದೆ. ಡಬ್ಬಿಯಲ್ಲಿ ಉರಿಯುತ್ತಿದ್ದ ಹಸಿರು ದೀಪ ಆರಿತ್ತು. ಆಗ ಹತ್ತೂವರೆ.

ತಗುಲಿಸುವಾಗ ಎಲ್ಲೋ ಸಡಿಲವಾಯಿತು ಎಂದುಕೊಂಡು ವೈರಿನ ತುದಿಯನ್ನು ತೆಗೆದು ಹಾಕಿದೆ. ಊದಿ ಹಾಕಿದೆ. ಸೆರಗಿನಲ್ಲಿ ಒರೆಸಿ ಹಾಕಿದೆ. ದೀಪ ಬರಲಿಲ್ಲ. ಕೇಬಲ್ಲಿನವನಿಗೆ ಫೋನ್ ಮಾಡಲು ಓಣಿಗೆ ಓಡಿದೆ, ಅವನು ಎತ್ತಲಿಲ್ಲ. ಮನೆಯೊಳಗೆ ನುಗ್ಗಿ ದೊಡ್ಡಪ್ಪನ ಫೋಟೊದ ಕೆಳಗಿನ ರೌಟರ್ ನೋಡಿದೆ. ನಾಲ್ಕೂ ದೀಪ ಚೆನ್ನಾಗಿ ಉರಿಯುತ್ತಿದ್ದವು. ಮನೆಯಲ್ಲಿ ಇದೆ, ಶೆಡ್ಡಿನಲ್ಲಿ ಇಲ್ಲ ಎಂದ ಮೇಲೆ ಹಾಳಾಗಿರುವುದು ನಡುವಿನ ವೈರೇ, ಅಂದರೆ ಅಪ್ಪ ಹೂಳಿದ ವೈರು. ಕಲ್ಲು ಒತ್ತಿ ಒಳಗೇ ತುಂಡಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅಪ್ಪ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಕೇಳಿದ, "ವೈರ್ ಬಿಟ್ರಾ ಇಬ್ರೂ?"

"ಬಿಟ್ರೆ ರಿಪೇರಿ ಯಾರು ಮಾಡ್ತಾರೆ, ನಿಮ್ಮ ತಾತನಾ?"

"ಅಂಗಾದ್ರೆ ಸರಿ," ಎಂದು ಗೋಡೆಗೆ ಒರಗಿದ.

ಗೆಳತಿಗೆ ಡಬ್ಬಿಯ ಹತ್ತಿರ ವೈರು ಅಲ್ಲಾಡಿಸುತ್ತಾ ದೀಪ ನೋಡುತ್ತಿರು ಎಂದು ಹೇಳಿ, ನಾನು ಓಣಿಯ ಉದ್ದಕ್ಕೂ ಹೂತ ಜಾಗವನ್ನು ಕಾಲಿನಿಂದ ಒತ್ತಿ ಒತ್ತಿ ನೋಡಿದೆ. ಏನು ಗೊತ್ತಾಗುತ್ತದೆ, ಮಣ್ಣು! ಮೆಷೀನನ್ನೇ ಮನೆಯ ಹತ್ತಿರ ಎಳೆದುಬಿಡೋಣವೇ ಎಂದು ಗೆಳತಿ ಕೂಗಿದಳು. ಆ ಭಾರವನ್ನು ಇಬ್ಬರು ಹೆಂಗಸರು ಓಣಿ ದಾಟಿಸುವುದು ಆಗುವ ಮಾತಲ್ಲ, ಮೇಲಾಗಿ ಮೇಡಂ ನೋಡಬೇಕಾದದ್ದು ಶೆಡ್ಡನ್ನು. ಹತ್ತು ಐವತ್ತಕ್ಕೆ ಹಾರೆ ತರಲು ಮತ್ತೆ ಮನೆಯ ಕಡೆ ಓಡಿದೆ.

"ಇನ್ನೂ ಕೈ ತೆಗ್ದಿಲ್ವಾ?" ಎಂದ ಅಪ್ಪ.

"ಇಲ್ಲ!"

"ಸರಿ ಕಣಮ್ಮಣ್ಣಿ, ನಿಧಾನಕ್ಕೆ ಮಾಡಿ."

ನಿಧಾನಕ್ಕೆ! ನನ್ನ ತಲೆಯಲ್ಲಿ ಏನೋ ಸಿಡಿಯಿತು. "ನೀನು ಅಡ್ಡ ಬರ್ದಿದ್ರೆ ಇದು ಒಂದು ಗಂಟೆ ಕೆಲ್ಸ ಆಗಿತ್ತು," ಎಂದು ಕಿರುಚಿದೆ. "ಮುಚ್ಚೋಗಿರೋ ಗಣೀನ ಇನ್ನೂ ತಲೇಲಿ ಒತ್ಕೊಂಡಿದೀಯ. ನಿನ್ನ ಗಣಿ ನಿನ್ನ ಅಣ್ಣನ್ನ ತಗೊಂತು, ಈಗ ನನ್ನ ಅನ್ನಾನೂ ತಗೊಳ್ಲಿ!"

ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಂಡವು. ಅಪ್ಪ ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು ಕೂತಿದ್ದವನು ಹಾಗೇ ಕೂತಿದ್ದ. ನೋವಿರಬೇಕು, ಅಗೆದದ್ದರ ನೋವು ಎಂದುಕೊಂಡೆ. ಅಯ್ಯೋ ಎನಿಸಿತು, ಆದರೆ ಅಯ್ಯೋ ಎನ್ನಲು ಆಗ ನನ್ನ ಹತ್ತಿರ ಹೊತ್ತಿರಲಿಲ್ಲ.

ಹನ್ನೊಂದಕ್ಕೆ ಮೇಡಂ ಫೋನ್ ಬಂತು. ಐದು ನಿಮಿಷ ಮೇಡಂ ಎಂದೆ. "ಹನ್ನೊಂದೂವರೆಗೆ ಇನ್ನೊಬ್ಬರಿದ್ದಾರೆ, ನೆನಪಿರಲಿ," ಎಂದು ಇಟ್ಟರು. ನಾನು ಮೂರು ದಿನದ ಅಪ್ಪನ ಕೆಲಸವನ್ನು ಹಾರೆಯಲ್ಲಿ ಕಿತ್ತೆಸೆಯತೊಡಗಿದೆ. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಮೂರು ಅಡಿ ಕಿತ್ತಿದ್ದೆ. ಒಳಗೆ ಪೈಪು ಒಂದು ಗೀರೂ ಇಲ್ಲದೆ ಮಲಗಿತ್ತು. ಅದನ್ನೂ ಒಡೆಯಲು ಹಾರೆ ಎತ್ತಿದೆ, ಫೋನ್ ಬಡಿದುಕೊಂಡಿತು. ಕೇಬಲ್ಲಿನವನು. ದೀಪ ಆರಿದ್ದನ್ನೂ ನಾನು ಅಗೆಯುತ್ತಿರುವುದನ್ನೂ ಒಂದೇ ಉಸಿರಿಗೆ ಹೇಳಿದೆ.

"ಅಕ್ಕಾ, ಅಗೀಬೇಡಿ. ಮೊದ್ಲು ಅಡಾಪ್ಟರ್ ನೋಡಿ. ಲೈಟ್ ಇದ್ಯಾ?"

ಅಡಾಪ್ಟರ್! ನನಗೆ ಅದು ನೆನಪೇ ಆಗಿರಲಿಲ್ಲ. ಓಡಿದೆ. ಅಕ್ಕಿ ಡ್ರಮ್ಮನ್ನು ಎರಡು ಕೈಯಲ್ಲಿ ಸರಿಸಿದೆ. ಸಾಕೆಟ್ಟು ಖಾಲಿ. ಅಡಾಪ್ಟರಿಗೆ ಚುಚ್ಚಿದ್ದ ಎರಡು ವೈರುಗಳು, ರೌಟರಿನದೂ ಶೆಡ್ಡಿನದೂ, ಮಾತ್ರ ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಬಟ್ಟೆಚೂರು ಸುತ್ತಿಕೊಂಡು ಗೋಡೆಗೆ ಒರಗಿದ್ದವು. ಯಾವುದು ಯಾವ ತೂತಿಗೆ ಎಂದು ಮರೆಯದಿರಲಿ ಎಂದು ಒಂದಕ್ಕೆ ಕೆಂಪು ದಾರದ ಗುರುತು ಕಟ್ಟಿತ್ತು. ದಾರ ನನ್ನ ಹೊಲಿಗೆ ಡಬ್ಬಿಯದೇ. ಕೆಟ್ಟದ್ದು ಯಾವುದೂ ಇರಲಿಲ್ಲ. ಯಾರೋ ಬಲು ಜೋಪಾನವಾಗಿ ತೆಗೆದಿಟ್ಟಿದ್ದರು.

ಮನೆಯಲ್ಲಿ ನಾನು ಬಿಟ್ಟರೆ ಇದ್ದದ್ದು ಒಬ್ಬನೇ.

"ಅಪ್ಪಾ, ಅಡಾಪ್ಟರ್ ಎಲ್ಲಿ?"

ಅವನು ಸೊಂಟದಲ್ಲಿ ಪಂಚೆಯ ಮಡಿಕೆ ಬಿಚ್ಚಿದ. ಕರವಸ್ತ್ರದಲ್ಲಿ ಸುತ್ತಿದ್ದ ಅಡಾಪ್ಟರನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು. ನಾನು ನೋವೆಂದುಕೊಂಡ ಕೈ ಅದರ ಮೇಲಿತ್ತು.

"ಯಾಕೆ ತೆಗ್ದೆ?"

"ನೀವಿಬ್ರೂ ವೈರ್ ಇಡ್ಕೊಂಡಿದ್ರಲ್ಲ. ಕರೆಂಟ್ ಇರೋ ವೈರು." ನನಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದ. "ಆ ತುದೀಲಿ ಜನ ಇದ್ರೆ ಈ ತುದಿ ಇಡಿ ಕೈಲಿರ್ಬೇಕು. ಕೆಲ್ಸ ಮುಗಿಸ್ದೋರು ಬಂದು ಏಳೋವರ್ಗೂ ಕೊಡ್ಬಾರ್ದು. ನೀವು ಬರ್ಲಿಲ್ಲ. ಕೇಳ್ದೆ. ಇನ್ನೂ ಕೈ ತೆಗ್ದಿಲ್ಲ ಅಂದೆ."

ಆಗ ನನಗೆ ತಿಳಿಯಿತು. ಗಣಿಯಲ್ಲಿ ಮದ್ದು ಸಿಡಿಸುವ ಪೆಟ್ಟಿಗೆಗೆ ಒಂದು ಹಿಡಿ, ಅಪ್ಪನ ಬಾಯಲ್ಲಿ ಇಡಿ, ಇರುತ್ತಿತ್ತು, ಅದನ್ನು ತಿರುಗಿಸಿದರೇ ವೈರಿಗೆ ಕರೆಂಟು. ಒಳಗೆ ಜನವಿರುವಾಗ ಹಿಡಿಯನ್ನು ಕಿತ್ತು ಒಬ್ಬ ತನ್ನ ಮೈಮೇಲೆ ಇಟ್ಟುಕೊಳ್ಳಬೇಕಿತ್ತು. ನಾನು ವೈರಿಗೆ ಕೈಹಾಕಿ ರಿಪೇರಿ ಮಾಡುತ್ತಾ ಹೋದಷ್ಟೂ ಅಪ್ಪ ಅಡಾಪ್ಟರನ್ನು ಬಿಗಿಯಾಗಿ ಹಿಡಿದು ಕೂತಿದ್ದ. ನಾವಿಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಮುಕ್ಕಾಲು ಗಂಟೆ ಕಳೆದಿದ್ದೆವು. ಗಂಟೆ ಹನ್ನೊಂದು ದಾಟಿ ಹನ್ನೆರಡು ನಿಮಿಷವಾಗಿತ್ತು.

"ಕೊಡು," ಎಂದು ಕೈಚಾಚಿದೆ.

"ಅವ್ಳೆಲ್ಲಿ?"

"ಶೆಡ್ಡಲ್ಲವ್ಳೆ. ಕೊಡಪ್ಪಾ!"

"ಬರ್ಲಿ. ಬಂದು ನನ್ನ ಎದ್ರುಗೆ ನಿಲ್ಲಿ."

"ಅದೇನು ಮದ್ದಾ? ಮುಟ್ಟಿದ್ರೆ ಜುಮ್ಮೂ ಅನ್ನಲ್ಲ ಅದು!" ನಾನು ಅವನ ಮುಷ್ಟಿಗೆ ಕೈಹಾಕಿದೆ. ಕಿತ್ತುಕೊಳ್ಳುವವಳೇ ಇದ್ದೆ. ಮುಷ್ಟಿ ಬಿಗಿಯಾಗಿತ್ತು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ, ಓಣಿಯಾಚೆಯ ಶೆಡ್ಡಿನ ಬಾಗಿಲನ್ನು ನೋಡುತ್ತಿದ್ದ.

"ಅವತ್ತು ಎಲ್ರೂ ಈಚೆ ಬಂದ್ರು ಅಂತ ಒಬ್ಬ ಏಳ್ದ," ಎಂದ. "ನಾನು ಎಣಿಸ್ಲಿಲ್ಲ. ಇಡಿ ಕೊಟ್ಬುಟ್ಟೆ. ಅಣ್ಣ ಒಳ್ಗಿದ್ದ."

ನನ್ನ ಕೈ ತಾನಾಗಿ ಬಿಟ್ಟುಬಿಟ್ಟಿತು. ಈಗ ತಾನೇ ನಾನು ಬೀದಿಗೆ ಕೇಳುವಂತೆ ಆಡಿದ ಮಾತು ನನಗೇ ಮತ್ತೆ ಕೇಳಿಸಿತು. ನಿನ್ನ ಗಣಿ ನಿನ್ನ ಅಣ್ಣನನ್ನು ತಗೊಂತು ಎಂದಿದ್ದೆನಲ್ಲ. 

ಓಣಿಯ ತನಕ ಹೋಗಿ ಗೆಳತಿಯನ್ನು ಕರೆದೆ. ಅವಳು "ಎನ್ನಕ್ಕಾ, ಏನಾಯ್ತು?" ಎನ್ನುತ್ತಾ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಓಡಿಬಂದಳು. "ಅಪ್ಪನ ಎದ್ರುಗೆ ನಿಂತ್ಕೊ, ಏನೂ ಕೇಳ್ಬೇಡ," ಎಂದೆ. ಇಬ್ಬರೂ ನಿಂತೆವು. ಅಪ್ಪ ಬೆರಳು ಮಡಿಚಿ ಎಣಿಸಿದ, ಒಂದು, ಎರಡು.

"ಒಳ್ಗೆ ಇನ್ಯಾರೂ ಇಲ್ವಲ್ಲ?"

"ಇಲ್ಲಪ್ಪ. ಯಾರೂ ಇಲ್ಲ."

ಜಗಲಿಗೆ ಕೈಯೂರಿ ಎದ್ದ. ಒಳಗೆ ಹೋಗಿ, ಡ್ರಮ್ಮಿನ ಹಿಂದೆ ಮಂಡಿಯೂರಿ, ಬಟ್ಟೆಚೂರು ಬಿಚ್ಚಿ, ಕೆಂಪು ದಾರದ್ದನ್ನು ಒಂದು ತೂತಿಗೆ, ಮತ್ತೊಂದನ್ನು ಇನ್ನೊಂದು ತೂತಿಗೆ ಹಾಕಿದ. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ, ಆದರೆ ಬೇಗ ಎನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ತಡೆದುಕೊಂಡದ್ದು ಅದೇ ಮೊದಲು. ಪ್ಲಗ್ ಹಾಕಿದ. ಅಡಾಪ್ಟರಿನ ದೀಪ ಹತ್ತಿತು.

ಹನ್ನೊಂದು ಹದಿನೇಳಕ್ಕೆ ಮೇಡಂ ಮುಖ ಮೊಬೈಲಿನಲ್ಲಿ ಕಂಡಿತು. ಗಂಟು ಹಾಕಿದ ಮುಖ. "ಹದಿನೇಳು ನಿಮಿಷ ತಡ. ನಾಳೆ ಶಾಲೆ ಶುರುವಾಗುವ ಹೊತ್ತಿಗೆ ಹೀಗೇ ಮಾಡಿದರೆ ನಾನೇನು ಮಾಡಲಿ?"

ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ಇದ್ದವಳಿಗೆ ಸೂಪರ್‌ವೈಸರಿಗೆ ಹೇಳುವ ಸುಳ್ಳು ನಾಲಿಗೆಯ ತುದಿಯಲ್ಲೇ ಇರುತ್ತದೆ. ಕರೆಂಟು ಹೋಗಿತ್ತು ಎಂದರೆ ಮುಗಿಯುತ್ತಿತ್ತು. ಅಂದು ಅದು ಬಾಯಿಗೆ ಬರಲಿಲ್ಲ. "ನಾವಿಬ್ಬರೂ ವೈರಿಗೆ ಕೈಹಾಕಿದ್ವಿ ಮೇಡಂ. ನಮ್ಮಪ್ಪ ಗಣಿಯಲ್ಲಿದ್ದವರು. ನಾವು ಕೈ ತೆಗೆಯುವ ತನಕ ಕರೆಂಟು ಕೊಡಲಿಲ್ಲ," ಎಂದೆ.

ಮೇಡಂ ಕೈಗಡಿಯಾರ ನೋಡಿಕೊಂಡರು. "ಸರಿ, ಕಾಲರ್ ಕೂರಿಸಿ. ಹನ್ನೆರಡು ನಿಮಿಷ ಇದೆ," ಎಂದರು.

ಸೂಜಿಯ ಕೆಳಗೆ ಬಟ್ಟೆ ಇಟ್ಟು ಪೆಡಲ್ ಒತ್ತಿದೆ. ಆ ಕೆಲಸ ಕೈಗಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಾಲರಿನ ಚೂಪು ಹೊರಳಿಸಿ ಮೊಬೈಲಿನ ಹತ್ತಿರ ಹಿಡಿದೆ. ಒಳಹೊಲಿಗೆ ತೋರಿಸಿ ಎಂದರು, ತೋರಿಸಿದೆ. ಗೆಳತಿ ಗುಂಡಿಯ ಕಾಜಾ ಮಾಡಿ ತೋರಿಸಿದಳು. ಹನ್ನೊಂದೂವರೆಗೆ ಒಂದು ನಿಮಿಷವಿದೆ ಎನ್ನುವಾಗ ಮೇಡಂ, "ಮೊದಲು ಒಂದು ಶಾಲೆಯದ್ದು ಕಳಿಸುತ್ತೇನೆ. ಅದು ಸರಿ ಬಂದರೆ ಮಿಕ್ಕಿದ್ದು," ಎಂದು ಕಾಲ್ ಮುಗಿಸಿದರು. ಗೆಳತಿ ಮೂರು ಭಾಷೆಯಲ್ಲೂ ಕೂಗಿದಳು.

ಹೊರಗೆ ಬಂದರೆ ಅಪ್ಪ ನಾನು ಕಿತ್ತಿದ್ದ ಮಣ್ಣನ್ನು ಕಾಲುವೆಗೆ ಎಳೆದು ಮುಚ್ಚುತ್ತಿದ್ದ.

"ಸಿಕ್ತಾ?"

"ಸಿಕ್ತಪ್ಪ."

ತಪ್ಪಾಯಿತು ಎನ್ನಬೇಕೆಂದಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಅಮ್ಮ ನನಗೆ ಸಾವಿರ ಸಲ ಹೇಳಿದ್ದಾಳೆ. ಆ ಮಾತು ಆಡುವ ಬದಲು ಅವನ ಕೈಯಿಂದ ಗುದ್ದಲಿ ತಗೊಂಡು ನಾನೇ ಮಣ್ಣು ಎಳೆದೆ. "ಅಮ್ಮಂಗೆ ಗೊತ್ತಾ?" ಎಂದು ಕೇಳಿದೆ.

"ಯಾರ್ಗೂ ಏಳಿಲ್ಲ," ಎಂದು ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡಿದ.

ಸೋಮವಾರ ಬೆಳಗಿನ ಜಾವ ರೈಲಿನ ಹಾರನ್ನಿಗೆ ಎಂದಿನಂತೆ ಎಚ್ಚರವಾಯಿತು. ಅಪ್ಪ ಆಗಲೇ ಎದ್ದು ಟೀಗೆ ನೀರಿಟ್ಟಿದ್ದ. "ಓಗಲ್ವಾ?" ಎಂದ. "ಓಗಲ್ಲ," ಎಂದೆ. ರೈಲು ಬಂಗಾರಪೇಟೆಯ ಕಡೆ ಹೊರಟುಹೋಯಿತು, ನಾವು ಟೀ ಕುಡಿದೆವು. ಆ ವಾರ ನಾನು ಮೊದಲ ಬಾರಿಗೆ ಒಂದು ಪೂರ್ತಿ ಅಂಗಿ ಹೊಲಿದೆ.

ಈಗ ಶೆಡ್ಡಿನಲ್ಲಿ ನಾಲ್ಕು ಮೆಷೀನಿವೆ, ನಾಲ್ವರು ಇದ್ದೇವೆ. ಡಬ್ಬಿಯ ಧೂಳು ಒರೆಸಬೇಕಾದರೂ ಮೊದಲು ನಾನು ಅಡಾಪ್ಟರ್ ಕಿತ್ತು ಅಪ್ಪನ ಕೈಗೆ ಕೊಡುತ್ತೇನೆ. ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಕೂಗುವುದಿಲ್ಲ. ನಾಲ್ವರೂ ಓಣಿ ದಾಟಿ ಜಗಲಿಯ ಮುಂದೆ ನಿಲ್ಲುತ್ತೇವೆ. ಹೊಸಬರು ಮೊದಲ ದಿನ ನಕ್ಕಿದ್ದರು, ಈಗ ನಗುವುದಿಲ್ಲ. ಅಪ್ಪ ಬೆರಳು ಮಡಿಚಿ ಎಣಿಸುತ್ತಾನೆ. ನಾಲ್ಕೂ ಸರಿಯಾಗಿ ಬಂದ ಮೇಲೂ ಒಂದು ಗಳಿಗೆ ಶೆಡ್ಡಿನ ಬಾಗಿಲ ಕಡೆ ನೋಡುತ್ತಾ ಕೂರುತ್ತಾನೆ. ಆಮೇಲೆ ಎದ್ದು ಪ್ಲಗ್ ಹಾಕುತ್ತಾನೆ.